ಅಟ್ಟದ ಕೊಬ್ಬರಿ, ಅಂಗೈಯ ಧಾರಣೆ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲು ತಿಪಟೂರನ್ನು ಬಿಟ್ಟ ಮೇಲೆ ‘ಹೊನ್ನವಳ್ಳಿ ರೋಡ್’ ಎಂಬ ಹಲಗೆಯುಳ್ಳ ಒಂದು ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತದೆ. ರೈಲ್ವೆಯವರ ಪರಿಭಾಷೆಯಲ್ಲಿ ‘ರೋಡ್’ ಎಂಬ ಬಾಲವುಳ್ಳ ನಿಲ್ದಾಣವೆಂದರೆ, ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇಲ್ಲಿದೆ ಎಂದು ಅರ್ಥ. ಇದನ್ನು ಅರಿಯದೆ ಗಂಟುಮೂಟೆ ಸಹಿತ ಇಳಿದವರು ತೆಂಗಿನ ಮರಗಳ ನಡುವೆ ನಿಂತು ಊರನ್ನು ಹುಡುಕಬೇಕಾಗುತ್ತದೆ. ಹೊನ್ನವಳ್ಳಿಗೆ ಹೋಗಬೇಕಾದವರು ತಿಪಟೂರಿನಲ್ಲಿ ಇಳಿದು ಬಸ್ಸು ಹಿಡಿಯುವುದೇ ಲೇಸು.

ಹಿಂದೆ ಹೀಗಿರಲಿಲ್ಲ. ಇಂದು ನಾವು ತಿಪಟೂರು ತಾಲ್ಲೂಕು ಎಂದು ಕರೆಯುವುದು ಒಂದಾನೊಂದು ಕಾಲದಲ್ಲಿ ಹೊನ್ನವಳ್ಳಿ ತಾಲ್ಲೂಕಾಗಿತ್ತು. ರೈಲುಹಾದಿ 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದಿತು. ಅಲ್ಲಿಂದ ತಿಪಟೂರು, ಅರಸೀಕೆರೆಗಳನ್ನು ಹಾಯ್ದು 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿತು. ರೈಲು ತಿಪಟೂರನ್ನು ಹಿಡಿಯಿತು. ಕಚೇರಿಯೂ, ಕಚೇರಿಯ ಹಿಂದೆ ವ್ಯಾಪಾರವೂ ತಿಪಟೂರನ್ನೇ ಹಿಡಿದವು. ಹೊನ್ನವಳ್ಳಿ ಹೋಬಳಿಯ ಕೇಂದ್ರವಾಗಿ ಉಳಿಯಿತು. ಹೊಸ ಯಂತ್ರವೊಂದು ಪಕ್ಕದಲ್ಲಿ ಹಾದುಹೋದರೆ ಊರಿಗೆ ಏನಾಗುತ್ತದೆ ಎಂಬುದನ್ನು ಈ ಊರಿನವರು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮೊಬೈಲಿನ ವಿಷಯವಾಗಿ ಎರಡು ಪಕ್ಷಗಳಿವೆ. ತರುಣರು ಅದರಿಂದ ಕೆಟ್ಟರೆಂಬುದು ಒಂದು. ಅವರು ಅದರಿಂದಲೇ ಬದುಕುವರೆಂಬುದು ಇನ್ನೊಂದು. ಎರಡೂ ಪಕ್ಷದವರು ಮಾತು ಮುಗಿಸಿದ ಕೂಡಲೇ ತಮ್ಮ ತಮ್ಮ ಮೊಬೈಲುಗಳನ್ನು ತೆಗೆದು ನೋಡುತ್ತಾರೆಂಬುದು ಬೇರೆ ಮಾತು. ಈ ವಾದವನ್ನು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹೊನ್ನವಳ್ಳಿಯ ಕಡೆಯ ವಿದ್ಯಾರ್ಥಿಯೊಬ್ಬ, “ಸಾರ್, ಒಂದು ಸಲ ನಮ್ಮ ತೋಟಕ್ಕೆ ಬನ್ನಿ” ಎಂದ. 2025ರ ಆಷಾಢದಲ್ಲಿ, ತುಂತುರು ಮಳೆ ಹಿಡಿದ ಒಂದು ಶುಕ್ರವಾರ ಹೊರಟೆ.

ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ದಾರಿ ತೆಂಗಿನ ಕಂಬಗಳ ಮೊಗಸಾಲೆಯಂತೆ ಇದೆ. ಎರಡು ಕಡೆಯೂ ತೋಟ. ತೋಟದ ನಡುನಡುವೆ ರಾಗಿಯ ಹೊಲ. ಅಲ್ಲಲ್ಲಿ ಮಟ್ಟೆಯ ರಾಶಿ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ಆಸುಪಾಸಿನಲ್ಲಿ ಸಂಚರಿಸಿ ಇಲ್ಲಿನ ಬೇಸಾಯದ ವಿವರಗಳನ್ನು ಬರೆದಿಟ್ಟಿದ್ದಾನೆ. ಈ ಸೀಮೆ ಸಮುದ್ರದಿಂದ ಬಹುದೂರ, ಮಳೆಯೂ ಕಡಮೆ. ಆದರೂ ತೆಂಗು ಇಲ್ಲಿ ಬೇರೂರಿತು. ಕರಾವಳಿಯವರು ತೆಂಗಿನಿಂದ ಎಣ್ಣೆ ತೆಗೆದರೆ, ಇಲ್ಲಿಯವರು ಉಂಡೆ ಕೊಬ್ಬರಿ ಮಾಡಿದರು. ಉತ್ತರ ಹಿಂದೂಸ್ಥಾನದ ಮದುವೆಮನೆಗಳಲ್ಲಿ, ದೀಪಾವಳಿಯ ತಟ್ಟೆಗಳಲ್ಲಿ ಇಡಿಯಾಗಿ ಕುಳಿತುಕೊಳ್ಳುವ ಆ ದುಂಡನೆಯ ಕೊಬ್ಬರಿ ಬಹುಮಟ್ಟಿಗೆ ಈ ಕಡೆಯದು.

ಪಟ್ಟಣದ ಗೃಹಿಣಿಯರು ಅಂಗಡಿಯಲ್ಲಿ ಕೊಬ್ಬರಿ ಗಿಟುಕನ್ನು ಕೈಯಲ್ಲಿ ಹಿಡಿದು ಬೆಲೆ ಹೆಚ್ಚಾಯಿತೆಂದು ನಿಟ್ಟುಸಿರು ಬಿಡುವಾಗ, ಅದು ಹೇಗೆ ಆಯಿತೆಂಬುದನ್ನು ತಿಳಿದಿದ್ದರೆ ನಿಟ್ಟುಸಿರು ಸ್ವಲ್ಪ ಕಿರಿದಾಗಬಹುದು. ಬಲಿತ ಕಾಯಿಯನ್ನು ಮಟ್ಟೆಸಹಿತ ಅಟ್ಟಕ್ಕೆ ಏರಿಸುತ್ತಾರೆ. ಅಟ್ಟವೆಂದರೆ ಸಂದುಬಿಟ್ಟು ಹಾಸಿದ ದಬ್ಬೆಗಳ ನೆಲ; ಕೆಳಗಿನಿಂದ ಗಾಳಿ ಆಡಬೇಕು, ಬಿಸಿಲು ಬೀಳಬಾರದು, ಮಳೆ ತಾಗಬಾರದು. ಹಾಗೆ ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ. ಕಾಯಿಯೊಳಗಿನ ನೀರು ತಾನೇ ತಾನಾಗಿ ಇಂಗಬೇಕು. ತಿರುಳು ಕರಟವನ್ನು ಬಿಟ್ಟು ಒಳಗೇ ಕಳಚಿಕೊಳ್ಳಬೇಕು. ಅವಸರಿಸಿ ಒಡೆದರೆ ಕೊಬ್ಬರಿ ಚೂರಾಗುತ್ತದೆ, ಇಲ್ಲವೆ ಒಳಗೆ ತೇವ ಉಳಿದು ಬೂಸಲು ಹಿಡಿಯುತ್ತದೆ. ಒಂದು ಕ್ವಿಂಟಲು ತೂಗಬೇಕಾದರೆ ಆರೇಳು ನೂರು ಕಾಯಿಗಳಾದರೂ ಹೀಗೆ ಕತ್ತಲಲ್ಲಿ ತಪಸ್ಸು ಮಾಡಬೇಕು.

ಕಾಯಿ ಪಕ್ವವಾಯಿತೆಂದು ತಿಳಿಯುವುದು ಕಿವಿಯಿಂದ. ನಮ್ಮ ವಿದ್ಯಾರ್ಥಿಯ ಅಜ್ಜ ನನ್ನನ್ನು ಏಣಿ ಹತ್ತಿಸಿ, ಒಂದು ಕಾಯಿಯನ್ನು ನನ್ನ ಕಿವಿಯ ಬಳಿ ಅಲ್ಲಾಡಿಸಿದರು. ಏನೋ ಸದ್ದಾಯಿತು. ಇನ್ನೊಂದನ್ನು ಅಲ್ಲಾಡಿಸಿದರು. ಅದೂ ಸದ್ದೇ. “ಮೊದಲನೇದರಲ್ಲಿ ಇನ್ನೂ ಒಂದು ಗುಟುಕು ನೀರೈತೆ ಮೇಷ್ಟ್ರೇ. ಇದು ಆಗೈತೆ, ಗಡಗಡ ಅಂತೈತೆ ನೋಡಿ” ಎಂದರು. ನನಗೆ ಎರಡೂ ಒಂದೇ ಆಗಿ ಕೇಳಿಸಿತು. ಹಳಗನ್ನಡದಲ್ಲಿ ಲಘು-ಗುರುಗಳನ್ನು ಗುರುತಿಸುವ ಈ ಕಿವಿಗೆ ಕಾಯಿಯ ಛಂದಸ್ಸು ಹಿಡಿಯಲಿಲ್ಲ. ಮೊಮ್ಮಗನ ಕಡೆ ನೋಡಿದೆ. ಅವನೂ ನಕ್ಕು ತಲೆ ತಗ್ಗಿಸಿದ.

ಆದರೆ ಆ ಹುಡುಗನಿಗೆ ತಿಳಿದಿರುವುದು ಅಜ್ಜನಿಗೆ ತಿಳಿಯದು. ತೋಟಕ್ಕೆ ತ್ರೀ ಫೇಸ್ ವಿದ್ಯುತ್ತು ಬರುವುದು ಎಷ್ಟೋ ದಿನ ನಡುರಾತ್ರಿಯಲ್ಲಿ. ಅವನ ತಂದೆ ತರುಣರಾಗಿದ್ದಾಗ ರಾತ್ರಿ ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು, ಹಾವು ಹರಿಯುವ ಬದುವಿನ ಮೇಲೆ ನಡೆದು ಮೋಟಾರು ಹಾಕಿಬರುತ್ತಿದ್ದರಂತೆ. ಈಗ ಮೋಟಾರಿನ ಮನೆಯಲ್ಲಿ ಒಂದು ಪೆಟ್ಟಿಗೆ ಇದೆ. ಅದರೊಳಗೆ ಒಂದು ಸಿಮ್ಮು. ಹುಡುಗ ಹಾಸಿಗೆಯಿಂದಲೇ, ಪರೀಕ್ಷೆಯ ಕಾಲದಲ್ಲಿ ಹಾಸ್ಟೆಲಿನಿಂದಲೇ, ಮೋಟಾರನ್ನು ಹೊರಡಿಸುತ್ತಾನೆ, ನಿಲ್ಲಿಸುತ್ತಾನೆ. ಮಗ ಹೊತ್ತಲ್ಲದ ಹೊತ್ತಿನಲ್ಲಿ ತೋಟಕ್ಕೆ ಹೋಗುವುದು ತಪ್ಪಿತಲ್ಲ ಎಂದು ತಾಯಿ ಆ ಪೆಟ್ಟಿಗೆಗೆ ಆಯುಧಪೂಜೆಯ ದಿನ ಕುಂಕುಮ ಇಡುತ್ತಾರೆ.

ಇದರ ಇನ್ನೊಂದು ಮುಖವನ್ನು ತಂದೆ ಹೇಳಿದರು. ವಿದ್ಯುತ್ತು ಬಂದ ಕ್ಷಣವೇ ತಾನಾಗಿ ಮೋಟಾರು ಹೊರಡುವ ಸಾಧನವನ್ನು ಎಲ್ಲರೂ ಹಾಕಿಸಿದ್ದಾರೆ. ಹಿಂದೆ ಒಬ್ಬ ಎದ್ದು ಬರುವಷ್ಟರಲ್ಲಿ ಇನ್ನೊಬ್ಬ ಮಲಗಿರುತ್ತಿದ್ದ, ಹೊರೆ ಹಂಚಿಹೋಗುತ್ತಿತ್ತು. ಈಗ ಎಲ್ಲ ಮೋಟಾರುಗಳೂ ಒಂದೇ ಉಸಿರಿಗೆ ಏಳುತ್ತವೆ, ಟಿ.ಸಿ. ಸುಟ್ಟುಹೋಗುತ್ತದೆ, ಆಮೇಲೆ ವಾರಗಟ್ಟಲೆ ಯಾರಿಗೂ ನೀರಿಲ್ಲ. ಮಲಗಿದ್ದಲ್ಲೇ ನೀರು ಹಾಯಿಸಬಹುದಾದ್ದರಿಂದ ನೀರಿನ ಅಳತೆಯೂ ತಪ್ಪಿದೆ. ಕೊಳವೆಬಾವಿಗಳು ಎಂಟುನೂರು ಅಡಿ, ಸಾವಿರ ಅಡಿಗೆ ಇಳಿದಿವೆ. ಹೇಮಾವತಿಯ ನೀರನ್ನು ಎತ್ತಿ ಈ ಕಡೆಯ ಕೆರೆಗಳಿಗೆ ತುಂಬಿಸುವ ಹೊನ್ನವಳ್ಳಿ ಏತ ನೀರಾವರಿ ಯೋಜನೆಯ ಮೇಲೆ ಊರಿನವರ ಕಣ್ಣೆಲ್ಲ ಇರುವುದು ಇದಕ್ಕೇ. ನಮ್ಮ ಆತಿಥೇಯರ ಮನೆಯ ಸಾಲವೂ ಒಂದು ಕೊಳವೆಬಾವಿಯದೇ; ಅದರ ಮಾತು ಮುಂದೆ ಬರುತ್ತದೆ.

ಮರ ಹತ್ತುವವರು ಸಿಕ್ಕದಿರುವುದು ಇಡೀ ತೆಂಗಿನ ಸೀಮೆಯ ಗೋಳು. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ರೈತ ಇದಕ್ಕೊಂದು ಉಪಾಯ ಕಂಡುಹಿಡಿದ. ಎರಡು ಪಾದಗಳಿಗೂ ಎರಡು ಕಬ್ಬಿಣದ ಮೆಟ್ಟಿಲು, ಮರವನ್ನು ಬಳಸಿದ ತಂತಿಹಗ್ಗ. ಒಂದು ಕಾಲು ಎತ್ತಿದಾಗ ಇನ್ನೊಂದು ಬಿಗಿಯುತ್ತದೆ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ಹೆಸರಿನಿಂದ ತರುಣರಿಗೆ ತರಬೇತಿ ಕೊಟ್ಟು ಈ ಬಗೆಯ ಯಂತ್ರಗಳನ್ನೂ ಕೊಡತೊಡಗಿದರು. ನಾನು ನೋಡಿದ ತರುಣನೊಬ್ಬ ಅದನ್ನು ಕಟ್ಟಿಕೊಂಡು, ಅಂಗಿ ಕೊಳೆಯಾಗದಂತೆ, ಸೈಕಲ್ ತುಳಿದಂತೆ ಮರವೇರಿದ. ಕೆಲಸಕ್ಕೆ ಕರೆ ಬರುವುದು ಮೊಬೈಲಿಗೆ; ಕೂಲಿ ಬರುವುದೂ ಮೊಬೈಲಿಗೆ. ಮರ ಹತ್ತುವವನ ಮಗನೆಂದು ಶಾಲೆಯಲ್ಲಿ ಹಂಗಿಸಿಕೊಂಡಿದ್ದ ಹುಡುಗ ಇಂದು ಮುಂಗಡ ಹೇಳದಿದ್ದರೆ ಸಿಕ್ಕುವುದಿಲ್ಲ. ಯಂತ್ರ ಕೂಲಿಯನ್ನು ಹೆಚ್ಚಿಸಿತೋ ಇಲ್ಲವೋ, ಅವನ ನಡಿಗೆಯಲ್ಲಿ ಒಂದು ಗತ್ತನ್ನಂತೂ ತಂದಿದೆ. ನನಗೆ ಇದು ಸಣ್ಣ ಲಾಭವೆಂದು ತೋರಲಿಲ್ಲ.

ಇನ್ನು ಮೊಬೈಲಿನ ವೈದ್ಯದ ಕಥೆ. 2016ರಲ್ಲಿ ಪೊಳ್ಳಾಚಿಯ ಕಡೆ ಮೊದಲು ಕಂಡ ಸುರುಳಿ ಬಿಳಿನೊಣ ಈಗ ಇಲ್ಲಿಗೂ ಬಂದಿದೆ. ಅದು ಗರಿಯ ಅಡಿಯಲ್ಲಿ ಬಿಳಿಯ ಸುರುಳಿಗಳಂತೆ ಮೊಟ್ಟೆಯಿಟ್ಟು, ರಸ ಹೀರಿ, ಅಂಟುನೀರು ಸುರಿಸುತ್ತದೆ. ಅದರ ಮೇಲೆ ಕಪ್ಪು ಬೂಸಲು ಬೆಳೆದು ಇಡೀ ತೋಟ ಹೊಗೆ ಹಿಡಿದ ಅಡಿಗೆಮನೆಯಂತಾಗುತ್ತದೆ. ಪಕ್ಕದ ತೋಟದ ತರುಣ ಒಂದು ಚಿತ್ರವನ್ನು ನೋಡಿ, ಅದರಲ್ಲಿ ಯಾರೋ ಹೇಳಿದ ಘಾಟು ಔಷಧಿಯನ್ನು ತಂದು ಸಿಂಪಡಿಸಿದ. ಒಂದು ವಾರ ನೊಣವಿಲ್ಲ, ಊರಿಗೆಲ್ಲ ಹೇಳಿದ. ತಿಂಗಳು ಕಳೆಯುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ನೊಣ. ಏಕೆಂದರೆ ಬಿಳಿನೊಣದ ಮರಿಯೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜವೊಂದಿದೆ. ಔಷಧಿ ಅದನ್ನೂ ಕೊಂದುಹಾಕಿತ್ತು. ಬಿಳಿನೊಣಕ್ಕೆ ವಿಷ ಹೊಡೆಯಬೇಡಿ, ಆ ಕಣಜವನ್ನು ಉಳಿಸಿಕೊಳ್ಳಿ ಎಂಬುದೇ ವಿಜ್ಞಾನಿಗಳ ಸಲಹೆ.

ನಮ್ಮ ವಿದ್ಯಾರ್ಥಿಯ ತಂಗಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅವಳ ಕೈಯಲ್ಲಿಯೂ ಅದೇ ಮೊಬೈಲು. ಅವಳು ಗರಿಯ ಅಡಿಭಾಗದ ಫೋಟೋ ತೆಗೆದು, ತಿಪಟೂರಿನ ಬಳಿ ಕೋನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿ, ಉತ್ತರ ಬರುವವರೆಗೆ ಅಣ್ಣನಿಗೆ ಪಂಪನ್ನು ಮುಟ್ಟಗೊಡಲಿಲ್ಲವಂತೆ. “ನೀನು ಕಾಲೇಜಲ್ಲಿ ಲೆಕ್ಕ ಓದೋನು, ಸುಮ್ನಿರು” ಎಂದಳಂತೆ. ಪುಟ್ಟ ಕಣಜ ಬದುಕಿತು. ಅವರ ತೋಟ ಇಂದು ಪಕ್ಕದ ತೋಟಕ್ಕಿಂತ ಹಸಿರಾಗಿದೆ. ಒಂದೇ ಬೇಲಿಯ ಈ ಕಡೆಗೂ ಆ ಕಡೆಗೂ ಒಂದೇ ಯಂತ್ರ. ಯಾರನ್ನು ಕೇಳಬೇಕೆಂಬುದು ಒಬ್ಬಳಿಗೆ ತಿಳಿದಿತ್ತು.

ಸರ್ಕಾರದ ಕೆಲಸಗಳೂ ಈಗ ಈ ಹುಡುಗರ ಕೈಯಿಂದಲೇ ಆಗಬೇಕು. ಪಹಣಿಗಳು ಶ್ಯಾನುಭೋಗರ ಕೈಬರಹವನ್ನು ಬಿಟ್ಟು ‘ಭೂಮಿ’ಯ ಕಂಪ್ಯೂಟರು ಸೇರಿ ಕಾಲು ಶತಮಾನವಾಗುತ್ತ ಬಂದಿತು. ಬೆಂಬಲ ಬೆಲೆಗೆ ಕೊಬ್ಬರಿ ಮಾರಬೇಕಾದರೆ ‘ಫ್ರೂಟ್ಸ್’ ಎಂಬ ರೈತರ ನೋಂದಣಿಯ ಸಂಖ್ಯೆ ಬೇಕು. 2023ರಲ್ಲಿ ಪೇಟೆಯ ಧಾರಣೆ ಕ್ವಿಂಟಲಿಗೆ ಎಂಟು ಸಾವಿರದ ಆಸುಪಾಸಿಗೆ ಇಳಿದು ರೈತರು ಕಂಗೆಟ್ಟಿದ್ದರು. ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಆ ವರ್ಷದ ಆರಂಭದಲ್ಲಿ ನೋಂದಣಿಯ ಕೇಂದ್ರಗಳು ತೆರೆದಾಗ ಜನ ರಾತ್ರಿಯೆಲ್ಲ ಸಾಲುನಿಂತರು. ಕೆಲವೇ ದಿನಗಳಲ್ಲಿ ಗೊತ್ತಾದ ಪ್ರಮಾಣ ಮುಗಿದುಹೋಯಿತು. ಅಕ್ರಮದ ದೂರು ಎದ್ದು, ಆ ನೋಂದಣಿಯನ್ನು ರದ್ದುಮಾಡಿ, ಹೆಬ್ಬೆಟ್ಟಿನ ಗುರುತು ಹಿಡಿದು ಮತ್ತೆ ಮಾಡಬೇಕಾಯಿತು. ಓದುಬರಹ ಬಂದ ಮಕ್ಕಳಿರುವ ಮನೆಗಳು ಕಾಗದಗಳನ್ನು ಮೊದಲೇ ಸರಿಮಾಡಿಕೊಂಡಿದ್ದವು. ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದುಹೋದ ಮನೆಗಳು, ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳು ಹಿಂದುಳಿದವು. ವರ್ಷವೆಲ್ಲ ಕೆರೆದು, ಕರಟ ಒಡೆದು ಸವೆದ ಹೆಂಗಸರ ಬೆರಳುಗಳಲ್ಲಿ ಗೆರೆಯೇ ಇರುವುದಿಲ್ಲ. ಯಂತ್ರಕ್ಕೆ ಅವರು ಯಾರೆಂದು ತಿಳಿಯುವುದು ಹೇಗೆ?

ರಾತ್ರಿ ಊಟವಾದ ಮೇಲೆ ಊರೊಳಗೆ ಒಂದು ಸುತ್ತು ಹೋದೆವು. ಜಗುಲಿಯೊಂದರ ಮೇಲೆ ನಾಲ್ಕೈದು ತರುಣರು ಕುಳಿತಿದ್ದರು. ಮಾತಿಲ್ಲ, ಮುಖದ ಮೇಲೆ ನೀಲಿ ಬೆಳಕು ಮಾತ್ರ. ಇಸ್ಪೀಟಾಟ ಹಿಂದೆಯೂ ಇತ್ತು. ಆದರೆ ಅದಕ್ಕೆ ಕೂಡಲು ನಾಲ್ಕು ಜನ ಬೇಕಿತ್ತು, ಮರೆಯ ಜಾಗ ಬೇಕಿತ್ತು, ದೊಡ್ಡವರು ಆ ಕಡೆ ಬಂದರೆ ಎದ್ದು ಓಡಬೇಕಿತ್ತು. ಈಗ ಹುಡುಗ ತಾಯಿಯ ಪಕ್ಕದಲ್ಲಿಯೇ ಕುಳಿತು ಸೋಲಬಹುದು. ಕರ್ನಾಟಕ 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. ನಾನು ಹೋಗಿಬಂದ ಮರುತಿಂಗಳು, ಅಂದರೆ 2025ರ ಆಗಸ್ಟಿನಲ್ಲಿ, ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ಇಂಥ ಆಟಗಳನ್ನು ತಡೆಯುವ ಕಾಯಿದೆಯನ್ನು ಮಾಡಿತು.

ಕಾಯಿದೆ ಬರುವ ಮೊದಲೇ ಆಗಬಾರದ್ದು ಒಂದು ಮನೆಯಲ್ಲಿ ಆಗಿಹೋಗಿತ್ತು. ಮನೆಯ ಗುರುತು ಹೇಳುವುದು ಬೇಡ. ಹತ್ತೊಂಬತ್ತು ವರ್ಷದ ಮಗ. ಕ್ರಿಕೆಟ್ಟಿನ ಬಾಜಿ, ಆಮೇಲೆ ರಮ್ಮಿ. ಮೊಬೈಲಿನಲ್ಲಿಯೇ ಐದು ನಿಮಿಷದಲ್ಲಿ ಸಿಕ್ಕುವ ಸಾಲ. ಸಾಲ ಕೊಟ್ಟವರು ಅವನ ಮೊಬೈಲಿನಲ್ಲಿದ್ದ ಹೆಸರುಗಳಿಗೆಲ್ಲ, ಅತ್ತಿಗೆಯ ತವರಿಗೂ ಸಹ, ಅವನ ಮಾನ ಕಳೆಯುವ ಸುದ್ದಿ ಕಳುಹಿಸತೊಡಗಿದರು. ತಂದೆ ಅಟ್ಟವನ್ನು ಇಳಿಸಿದ. ಒಣಗದ ಕಾಯಿಗಳನ್ನು, ಕೊಬ್ಬರಿಯಾಗಲು ಇನ್ನೂ ನಾಲ್ಕು ತಿಂಗಳು ಇದ್ದ ಕಾಯಿಗಳನ್ನು, ಹಸಿಕಾಯಿಯ ಬೆಲೆಗೆ ಲಾರಿಗೆ ತುಂಬಿ ಕಳುಹಿಸಿಬಿಟ್ಟ. ಧಾರಣೆ ಏರತೊಡಗಿದ್ದು ಆಮೇಲೆ. ಆ ಮನೆಯ ಮುಂದೆ ಹಾದಾಗ ನನ್ನ ವಿದ್ಯಾರ್ಥಿ ದನಿ ತಗ್ಗಿಸಿ, “ಅವನೂ ನಾನೂ ಒಂದೇ ಬೆಂಚು ಸಾರ್, ಹೈಸ್ಕೂಲಲ್ಲಿ” ಎಂದ. ಮತ್ತೆ ಮನೆ ಸೇರುವವರೆಗೆ ಮಾತಾಡಲಿಲ್ಲ. ಹುಡುಗ ಈಗ ಪೀಣ್ಯದಲ್ಲಿ ಕೆಲಸಕ್ಕಿದ್ದಾನಂತೆ. ಹಬ್ಬಕ್ಕೂ ಊರಿಗೆ ಬಂದಿಲ್ಲ.

ನಮ್ಮ ಮನೆಯಲ್ಲಿ, ನಾನು ಹಾಗೆಂದು ಕರೆಯುವಷ್ಟು ಸಲಿಗೆ ಒಂದು ದಿನದಲ್ಲಿಯೇ ಬೆಳೆದಿತ್ತು, ಆ ರಾತ್ರಿ ಒಂದು ಪಂಚಾಯಿತಿ ನಡೆಯಿತು. ತಿಪಟೂರಿನ ಧಾರಣೆ ಇಪ್ಪತ್ತೈದು ಸಾವಿರವನ್ನು ದಾಟಿತ್ತು. ಇಂಥ ಬೆಲೆಯನ್ನು ಅಜ್ಜ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಕೊಳವೆಬಾವಿಯ ಸಾಲ ತೀರಿಸಲು ಎಲ್ಲವನ್ನೂ ಈಗಲೇ ಮಾರಿಬಿಡೋಣವೆಂದು ತಂದೆ. ಮೂರು ವರ್ಷದ ಧಾರಣೆಯ ಏರಿಳಿತವನ್ನು ಮೊಬೈಲಿನಲ್ಲಿ ಗೆರೆ ಎಳೆದು ತೋರಿಸಿ, ಹೊಸ ಕಾಯಿ ಕಡಮೆಯಿದೆ, ಉತ್ತರದಲ್ಲಿ ಹಬ್ಬಗಳು ಮುಂದಿವೆ, ಇನ್ನೂ ಏರುತ್ತದೆ ಎಂದು ಮಗ. “ಏರ್ದೆ ಇದ್ರೆ?” ಎಂದು ತಾಯಿ. ಅವರ ಕಣ್ಣು ಗಂಡನ ಮೇಲಿರಲಿಲ್ಲ, ಮಗನ ಕೈಯಲ್ಲಿದ್ದ ಮೊಬೈಲಿನ ಮೇಲಿತ್ತು. ಆ ಇನ್ನೊಂದು ಮನೆಯ ನೆರಳು ಎಲ್ಲರ ನಡುವೆ ಕುಳಿತಿತ್ತೆಂದು ನನಗೆ ತೋರಿತು. ಬೆಲೆ ಏರುವುದೆಂದು ಕಾಯುವುದಕ್ಕೂ ಬಾಜಿಗೂ ಎಷ್ಟು ಅಂತರವೆಂದು ಆ ತಾಯಿ ತಿಳಿಯಬಯಸಿದ್ದರು. ಮಗನಿಗೆ ಅದು ಅರ್ಥವಾಗಿ ಮುಖ ಕೆಂಪಾಯಿತು.

ಅಜ್ಜ ಎಲೆಯಡಿಕೆ ಉಗಿದು ಬಂದು ಕುಳಿತರು. “ರೇಟು ಅದು ಹೇಳ್ತೈತೆ, ಸರಿ. ಕಾಯಿ ಆಗೈತೋ ಇಲ್ವೋ ಅದು ಹೇಳ್ತೈತಾ? ಕಿಟಕಿ ಕಡೆ ರಾಶಿ ಆಗೈತೆ. ಅದನ್ನ ಮಾರಿ ಸಾಲ ಕಟ್ಟಿ. ಒಳಗಡೇದು ದೀಪಾವಳಿವರೆಗೂ ಆಗಲ್ಲ, ನೀವು ಮಾರ್ತೀನಂದ್ರೂ ಅದು ಬರಲ್ಲ” ಎಂದರು. ಮಗನೂ ಮೊಮ್ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನ ಮಟ್ಟೆ ಸುಲಿಯುವ ಯಂತ್ರ ಟ್ರಾಕ್ಟರಿನೊಡನೆ ಅಂಗಳಕ್ಕೆ ಬಂತು. ಆದರೆ ಅದರ ಬಾಯಿಗೆ ಹೋಗುವ ಮೊದಲು ಪ್ರತಿಯೊಂದು ಕಾಯಿಯೂ ಅಜ್ಜನ ಕಿವಿಯ ಬಳಿ ಹಾದುಹೋಯಿತು. ಪಕ್ಕದಲ್ಲಿ ಕುಳಿತ ಮೊಮ್ಮಗ ತಾನೊಂದು ಅಲ್ಲಾಡಿಸಿ, “ಇದು?” ಎನ್ನುವನು; ಅಜ್ಜ ಕೇಳಿ, “ಇಲ್ಲ” ಎನ್ನುವರು. ಮಧ್ಯಾಹ್ನದ ಹೊತ್ತಿಗೆ ಹತ್ತಕ್ಕೆ ಆರೇಳು ಸರಿಬರತೊಡಗಿದವು. ಮೊಬೈಲು ಅಂಗಿಯ ಜೇಬಿನಲ್ಲಿ ಎರಡು ಸಲ ಕೂಗಿದರೂ ಹುಡುಗ ತೆಗೆಯಲಿಲ್ಲ; ಸದ್ದಿನಲ್ಲಿ ಸದ್ದು ಕೇಳಿಸದೆಂದು ಕೊನೆಗೆ ಅದನ್ನು ತಂಗಿಗೆ ಕೊಟ್ಟುಬಿಟ್ಟ. ಕರಟ ಒಡೆದು ಗಿಟುಕು ಬಿಡಿಸಲು ಊರ ಹೆಂಗಸರು ಬಂದರು. ಆ ಕೆಲಸಕ್ಕೆ ಇಂದಿಗೂ ಕೈಯೇ ಗತಿ. ಅಜ್ಜನಿಗೆ ಪೂರ್ಣ ಒಪ್ಪಿಗೆಯಾದ ಗಿಟುಕು ಒಂದು ಕಡೆ, ಅನುಮಾನದ್ದು ಇನ್ನೊಂದು ಕಡೆ, ಬೇರೆ ಬೇರೆ ಚೀಲ ಸೇರಿದವು.

ತಿಪಟೂರಿನ ಮಾರುಕಟ್ಟೆಯ ಪ್ರಾಂಗಣವನ್ನು ನೋಡದೆ ಈ ಸೀಮೆಯನ್ನು ನೋಡಿದೆನೆನ್ನಲಾಗದು. ಕೊಬ್ಬರಿಯ ವಾಸನೆ ರಸ್ತೆಗೇ ಬರುತ್ತದೆ. ಕರ್ನಾಟಕ 2014ರಲ್ಲಿ ಮಾರುಕಟ್ಟೆಗಳನ್ನು ಕಂಪ್ಯೂಟರಿನ ಮೂಲಕ ಒಂದು ವೇದಿಕೆಗೆ ತರಲು ಆರಂಭಿಸಿತು. ಕೇಂದ್ರದ ‘ಇ-ನಾಮ್’ ಬಂದದ್ದು ಅನಂತರ, 2016ರಲ್ಲಿ. ತಂದ ಮಾಲಿಗೆ ಲಾಟಿನ ಸಂಖ್ಯೆ ಸಿಕ್ಕುತ್ತದೆ. ವರ್ತಕರು ರಾಶಿಯಿಂದ ರಾಶಿಗೆ ನಡೆದು, ಒಂದೊಂದು ಗಿಟುಕನ್ನು ಎತ್ತಿ, ತಟ್ಟಿ, ಕೆಲವೊಮ್ಮೆ ಒಡೆದು ಮೂಸಿ, ತಮ್ಮ ಬೆಲೆಯನ್ನು ಗುಟ್ಟಾಗಿ ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಒಬ್ಬನು ಬರೆದದ್ದು ಇನ್ನೊಬ್ಬನಿಗೆ ಕಾಣದು. ಗೊತ್ತಾದ ವೇಳೆಗೆ ಎಲ್ಲ ಒಮ್ಮೆಗೇ ತೆರೆದು, ಹೆಚ್ಚು ಬರೆದವನಿಗೆ ಲಾಟು. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಒಲ್ಲೆನೆನ್ನಬಹುದು. ದನದ ಜಾತ್ರೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಂಡವರಿಗೆ ಇದು ಹೊಸದೆನಿಸದು. ಆದರೆ ಅಲ್ಲಿ ಗುಟ್ಟು ಕೊನೆಯವರೆಗೂ ಗುಟ್ಟಾಗಿಯೇ ಉಳಿಯುತ್ತಿತ್ತು, ಇಲ್ಲಿ ಬೆಲೆ ತೆರೆದ ಕೂಡಲೇ ಹೊನ್ನವಳ್ಳಿಯ ತೋಟದಲ್ಲಿ ಕುಳಿತವನಿಗೂ ತಿಳಿಯುತ್ತದೆ.

ನಮ್ಮ ಹುಡುಗ ಎರಡು ಲಾಟು ಮಾಡಿಸಿದ್ದ. ನಾವು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವನ ಮೊಬೈಲಿಗೆ ಸಂದೇಶ ಬಂದಿತು. ನೋಡಿ, ಒಂದು ಕ್ಷಣ ಸುಮ್ಮನಿದ್ದು, ಮನೆಗೆ ಫೋನು ಮಾಡಿದ. ತಂದೆ ಎತ್ತಿಕೊಂಡರು, ಸಾಲ ತೀರುವುದೇ, ಉಳಿಯುವುದೆಷ್ಟು ಎಂಬ ಲೆಕ್ಕ ಸ್ವಲ್ಪ ಹೊತ್ತು ನಡೆಯಿತು. ತೀರುತ್ತಿತ್ತು. ಬಳಿಕ ಅಜ್ಜ ಫೋನನ್ನು ತೆಗೆದುಕೊಂಡರೆಂದು ಕಾಣುತ್ತದೆ. ಅವರ ದನಿ ನನಗೂ ಕೇಳಿಸುವಷ್ಟು ದೊಡ್ಡದು.

“ನಾನು ಬೇರೆ ಇಡಿಸಿದ ಚೀಲಕ್ಕೆ ಎಷ್ಟು ಬಿತ್ತು?”

“ಇನ್ನೊಂದಕ್ಕಿಂತ ನಾನೂರು ಜಾಸ್ತಿ, ತಾತ.”

“ಹೂಂ” ಎಂದು ಆ ಕಡೆಯಿಂದ ಫೋನು ಕೆಳಗಿಟ್ಟ ಸದ್ದಾಯಿತು. ಹುಡುಗ ತೂಕದ ಚೀಟಿ ತರಲು ಎದ್ದು ಹೋದ. ಐದೂವರೆಯ ಬಸ್ಸು ತಪ್ಪಿದರೆ ಹೊನ್ನವಳ್ಳಿಯ ಕಡೆಗೆ ಹೋಗುವುದು ತಡವಾಗುತ್ತಿತ್ತು.